ತುಪ್ಪ ತಂದ ತಂಬಿಗೆ

ಅಜ್ಜಂಪುರ
18-3-1958

ತರೀಕೆರೆಯ ಪಂಕಜಾಕ್ಷಮ್ಮನವರಿಗೆ ಅಜ್ಜಂಪುರದಿಂದ ಕಲ್ಲಮ್ಮ ಬರೆಯುವುದು.

ಮೊದಲು ಕ್ಷೇಮ ಬರೆಯಬೇಕು. ಇಲ್ಲಿ ಯಾರೂ ಕ್ಷೇಮವಾಗಿಲ್ಲ, ಅದಕ್ಕೆ ಬರೆಯುವುದಿಲ್ಲ. ಶನಿವಾರ ನಿಮ್ಮಣ್ಣನನ್ನು ಪೊಲೀಸರು ಕರೆದುಕೊಂಡು ಹೋದರು. ದನದ ಆಸ್ಪತ್ರೆಯ ಅಂಗಳದಲ್ಲಿ, ಎತ್ತು ಹಿಡಿದು ನಿಂತಿದ್ದ ಹತ್ತು ಜನ ರೈತರ ಎದುರಿಗೆ. ಕಾಂಪೌಂಡರ್ ಷಡಕ್ಷರಿಯವರು ಎಂದು ಕರೆಯುತ್ತಿದ್ದ ಬಾಯಿಗಳು ಮೂರೇ ದಿನದಲ್ಲಿ ತಂಬಿಗೆ ಷಡಕ್ಷರಿ ಎನ್ನುತ್ತಿವೆ.

ನೀವು ನನ್ನ ಮುಖ ನೋಡಿದವರಲ್ಲ, ನಾನೂ ನಿಮ್ಮದನ್ನು ನೋಡಿಲ್ಲ. ಗಂಡ ಸತ್ತಿದ್ದ ನನ್ನನ್ನು ನಿಮ್ಮಣ್ಣ ಕೂಡಿಕೆ ಮಾಡಿಕೊಂಡರು. ಅಷ್ಟಕ್ಕೇ ನಿಮ್ಮ ಯಜಮಾನರು ಮಲ್ಲಿಕಾರ್ಜುನಪ್ಪನವರು ಮೂರು ವರ್ಷದಿಂದ ನಮ್ಮ ಮನೆಯ ನೀರು ಬಿಟ್ಟಿದ್ದಾರೆ. ಈ ಮನೆಗೆ ನಿಮ್ಮ ಕಡೆಯಿಂದ ಒಂದು ಹುಲ್ಲುಕಡ್ಡಿ ಬಂದರೂ ನಿಮ್ಮನ್ನು ತವರಿಗೆ ಅಟ್ಟುವುದಾಗಿ ಹೇಳಿದ್ದಾರೆ. ಆದರೂ ಹೋದ ಆಷಾಢದಲ್ಲಿ ನಾನು ಹೆತ್ತಾಗ ಬಳೆ ಮಾರುವ ತಿಮ್ಮಕ್ಕನ ಕೈಯಲ್ಲಿ ನೀವು ಗುಟ್ಟಾಗಿ ಬೆಳ್ಳಿ ತಂಬಿಗೆ ತುಂಬ ತುಪ್ಪ ಕಳಿಸಿದಿರಿ. ಬಾಣಂತಿಗೆ ಅದು ಎಷ್ಟು ದೊಡ್ಡ ವಿಷಯ ಎಂದು ಆಗ ಅತ್ತಿದ್ದೆ. ಆ ತಂಬಿಗೆಯೇ ಈಗ ಸ್ಟೇಷನ್ನಿನಲ್ಲಿ ಕೂತಿದೆ. ಕಳುವಾಗಿದೆ ಎಂದು ನಿಮ್ಮ ಯಜಮಾನರು ದೂರು ಕೊಟ್ಟಿದ್ದರಂತೆ. ಅದು ಪೊಲೀಸರ ಕಣ್ಣಿಗೆ ಹೇಗೆ ಬಿತ್ತು ಎಂಬ ಮಾತು ಈಗ ಬೇಡ.

ನಾನೂ ಸ್ಟೇಷನ್ನಿಗೆ ಹೋಗಿದ್ದೆ. ದಫೇದಾರರು ನಿಮ್ಮಣ್ಣನನ್ನು ಸಮಾಧಾನವಾಗಿಯೇ ಕೇಳಿದರು. "ಕದ್ದಿದ್ದೀಯ ಅಂತ ನಾನೆಲ್ಲಿ ಅಂದೆ? ಕದ್ದ ಮಾಲು ಅಂತ ಅನುಮಾನ ಇರೋದು ನಿಮ್ಮನೆಯೋರ ಹತ್ರ ಸಿಕ್ಕೈತೆ. ಎಲ್ಲಿಂದ ಬಂತು ಹೇಳ್ಬಿಡು, ಮನೆಗೋಗು. ಹೇಳದೆ ಇದ್ರೆ ಅದೇ ಅಪರಾಧ, ಕಾನೂನೇ ಹಂಗೈತೆ." ನಿಮ್ಮಣ್ಣ ಗೋಡೆ ನೋಡಿಕೊಂಡು ನಿಂತರು. "ನಮ್ಮನೇದು" ಎಂದು ಒಂದು ಸಲ ಹೇಳಿದರು, ಅಷ್ಟೇ. ಅದರ ಮೇಲೆ ನಿಮ್ಮ ಯಜಮಾನರ ಹೆಸರು ಕೊರೆದಿದೆ.

ತಂದುಕೊಟ್ಟ ತಿಮ್ಮಕ್ಕ ಸಂಕ್ರಾಂತಿಗೆ ಮುಂಚೆಯೇ ತೀರಿಕೊಂಡಳು. ಈಗ ಸತ್ಯ ಹೇಳಬಲ್ಲವರು ಭೂಮಿಯ ಮೇಲೆ ನೀವೊಬ್ಬರೇ. ಬಂದು ಒಂದು ಮಾತು ಹೇಳಿ. ಶಿಕ್ಷೆಯಾದರೆ ಸರ್ಕಾರಿ ಕೆಲಸ ಹೋಗುತ್ತದೆ, ಅದಕ್ಕಿಂತ ಮೊದಲು ಅವರೇ ಹೋಗುತ್ತಾರೆ ಎಂದು ನನಗೆ ಭಯ. ಹೊಲಿಗೆ ಕಲಿಸುವ ಶಕುಂತಲಮ್ಮನವರ ವಿಳಾಸಕ್ಕೆ ಹಾಕಿದರೆ ನಿಮಗೆ ಮುಟ್ಟುತ್ತದೆ ಎಂದು ತಿಮ್ಮಕ್ಕ ಹಿಂದೆ ಹೇಳಿದ್ದಳು, ಅಲ್ಲಿಗೇ ಹಾಕುತ್ತಿದ್ದೇನೆ.

ಕಲ್ಲಮ್ಮ

*

ತರೀಕೆರೆ
27-3-1958

ಅತ್ತಿಗೆಯವರಿಗೆ ಪಂಕಜಾಕ್ಷಿಯ ಶರಣು.

ನಿಮ್ಮ ಕಾಗದ ತಲುಪಿತು. ಓದಿ ಬಹಳ ವ್ಯಥೆಯಾಯಿತು. ನೀವು ಬರೆದಿರುವ ವಸ್ತು ಯಾವುದು ಎಂದು ನನಗೆ ಪೂರ್ತಿ ತಿಳಿಯಲಿಲ್ಲ. ಈ ಮನೆಯಲ್ಲಿ ಪಾತ್ರೆಪಡಗ ಬಹಳ, ಎಲ್ಲದರ ಉಸ್ತುವಾರಿ ಅತ್ತೆಯವರದು. ನಾನು ಅದಕ್ಕೆಲ್ಲ ಕೈ ಹಾಕುವುದಿಲ್ಲ.

ಅಣ್ಣ ದೊಡ್ಡ ಮನಸ್ಸು ಮಾಡಿ, ದಾರಿಯಲ್ಲಿ ಬಿದ್ದಿತ್ತು, ಸಿಕ್ಕಿತು ಎಂದು ಹೇಳಿಬಿಟ್ಟರೆ ಆಗುವುದಿಲ್ಲವೇ. ಕೋರ್ಟಿನವರು ಏನೋ ಸ್ವಲ್ಪ ದಂಡ ಹಾಕಿ ಬಿಡುತ್ತಾರಂತೆ. ಅಣ್ಣ ಮೊದಲಿನಿಂದಲೂ ತಾಳ್ಮೆಯವರು. ನಾನು ಚಿಕ್ಕವಳಿದ್ದಾಗ ನನ್ನ ತಪ್ಪಿಗೆಲ್ಲ ಅಪ್ಪನ ಕೈಯಲ್ಲಿ ಅವರೇ ಏಟು ತಿನ್ನುತ್ತಿದ್ದರು.

ಮಗು ಹೇಗಿದೆ. ಬೇಸಿಗೆ ಹೆಚ್ಚಾಗಿದೆ, ತಲೆಗೆ ಹರಳೆಣ್ಣೆ ಹಾಕಿ. ಈ ಕಾಗದವನ್ನು ಓದಿದ ಮೇಲೆ ಒಲೆಗೆ ಹಾಕಿಬಿಡಿ.

ಪಂಕಜಾಕ್ಷಿ

*

ಅಜ್ಜಂಪುರ
29-3-1958

ಪಂಕಜಾಕ್ಷಮ್ಮನವರಿಗೆ,

ಒಲೆಗೆ ಹಾಕಿಲ್ಲ. ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಯಾವ ವಸ್ತು ಎಂದು ತಿಳಿಯಲಿಲ್ಲ ಎಂದು ನಿಮ್ಮ ಕೈಯಾರೆ ಬರೆದಿದ್ದೀರಲ್ಲ, ಮಗಳು ದೊಡ್ಡವಳಾದ ಮೇಲೆ ಓದಿಸುತ್ತೇನೆ.

ತಿಳಿಯದಿದ್ದರೆ ಈಗ ತಿಳಿದುಕೊಳ್ಳಿ. ನಿಮ್ಮ ಮದುವೆಯಲ್ಲಿ ಕೊಡಲು ಬೀರೂರಿನ ಅಂಗಡಿಯಲ್ಲಿ ನಿಮ್ಮಣ್ಣ ನಾಲ್ಕು ತಂಬಿಗೆ ಎತ್ತಿ ಎತ್ತಿ ನೋಡಿ ಆರಿಸಿದ ವಸ್ತು ಅದು. ತವರಿನವರು ಕೊಟ್ಟ ತಂಬಿಗೆಗೆ ವಾರದೊಳಗೆ ತಮ್ಮ ಹೆಸರು ಕೊರೆಸಿದವರು ನಿಮ್ಮ ಯಜಮಾನರು. ಕೊಂಡವರು ಒಬ್ಬರು, ಹೆಸರು ಒಬ್ಬರದು, ಕೊಟ್ಟವರು ನೀವು, ಜೈಲಿಗೆ ಹೋಗಬೇಕಾದವರು ಕೊಂಡವರೇ. ಇದಕ್ಕೆ ಕೋರ್ಟು ಏನನ್ನುತ್ತದೋ ನನಗೆ ಗೊತ್ತಿಲ್ಲ, ನನಗೆ ಮಾತ್ರ ಮೈ ಉರಿಯುತ್ತದೆ.

ದಾರಿಯಲ್ಲಿ ಸಿಕ್ಕಿತು ಎನ್ನಬೇಕಂತೆ. ಯಾವ ದಾರಿಯಲ್ಲಿ? ತರೀಕೆರೆ ಮಂಡಿ ಸಾಹುಕಾರರ ಬೆಳ್ಳಿ ತಂಬಿಗೆ ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಬಿದ್ದಿತ್ತು ಎಂದು ಹೇಳಲೇ? ನಿಮ್ಮ ತಪ್ಪಿಗೆ ಏಟು ತಿಂದು ತಿಂದು ಅವರ ಬೆನ್ನು ನಿಮಗೆ ಅಭ್ಯಾಸವಾಗಿಬಿಟ್ಟಿದೆ. ಆಗ ಅವರು ಅಣ್ಣ ಒಬ್ಬರೇ ಆಗಿದ್ದರು, ಈಗ ಅವರ ಹಿಂದೆ ಇಬ್ಬರಿದ್ದೇವೆ. ಆ ಏಟು ನಮಗೂ ಬೀಳುತ್ತದೆ.

ನಾನೇ ಏಕೆ ಹೇಳಬಾರದು ಎಂದು ನೀವು ಕೇಳಬಹುದು. ಅವರು ಮಗುವಿನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿಕೊಂಡಿದ್ದಾರೆ. "ಅವಳ ಹೆಸ್ರು ನಿನ್ನ ಬಾಯಲ್ಲಿ ಬರಕೂಡ್ದು ಕಣೇ. ನಾನು ಹೆಂಗೋ ಬದುಕ್ತೀನಿ, ಅವಳ ಬಾಳು ಹಾಳಾದ್ರೆ ಎಲ್ಲಿಗೆ ಹೋಗ್ತಾಳೆ?" ಎಂದರು. ನಾನು ನಿಮಗೆ ಬರೆಯುತ್ತಿರುವುದೂ ಅವರಿಗೆ ಗೊತ್ತಿಲ್ಲ.

ಕುರಿ ಸಾಕುವ ಲಕ್ಕಣ್ಣ ಜಾಮೀನು ನಿಂತು ಬಿಡಿಸಿಕೊಂಡು ಬಂದ. ಕೇಸು ಮುಗಿಯುವವರೆಗೆ ನಿಮ್ಮಣ್ಣ ಆಸ್ಪತ್ರೆಗೆ ಹೋಗುವಂತಿಲ್ಲ. ನಿನ್ನೆ ಬುಕ್ಕಾಂಬುಧಿಯಲ್ಲಿ ಒಬ್ಬರ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಕೇಳಿ, ಸುಮ್ಮನಿರಲಾರದೆ ಸೈಕಲ್ ಹತ್ತಿ ಹೋದರು. ಕೊಟ್ಟಿಗೆಯ ಬಾಗಿಲಲ್ಲೇ ಮನೆಯಾಕೆ ನಿಲ್ಲಿಸಿದಳಂತೆ. "ನೀವು ಹೊರಗೇ ನಿಂತು ಹೇಳಿ ಕಾಂಪೌಂಡರೇ, ಒಳಗೆ ಪಾತ್ರೆ ಐತೆ." ಹಸುವೂ ಸತ್ತಿತು, ಕರುವೂ ಸತ್ತಿತು. ಮನೆಗೆ ಬಂದು ಕೈ ತೊಳೆಯುತ್ತಲೇ ಇದ್ದರು. ಮುಟ್ಟದ ಕೈಯನ್ನು ಏಕೆ ತೊಳೆಯುತ್ತೀರಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ನೀನು ಹೆಣ್ಣಾಗಿದ್ದರೆ ಬಾ.

ಕಲ್ಲಮ್ಮ

*

ತರೀಕೆರೆ
10-4-1958

ಅತ್ತಿಗೆಯವರಿಗೆ,

ನನ್ನನ್ನು ಏಕವಚನದಲ್ಲಿ ಬೈದಿದ್ದೀರಿ, ಸಂತೋಷ. ಈಗ ನಾನೂ ಒಂದು ಮಾತು ಕೇಳುತ್ತೇನೆ. ಆಷಾಢದಲ್ಲಿ ಕಳಿಸಿದ ತಂಬಿಗೆ. ತುಪ್ಪ ಒಂದು ತಿಂಗಳಲ್ಲಿ ಮುಗಿದಿರುತ್ತದೆ. ಎಂಟು ತಿಂಗಳು ಏಕೆ ಇಟ್ಟುಕೊಂಡಿರಿ? ತಿಮ್ಮಕ್ಕ ಬದುಕಿದ್ದಾಗಲೇ ಅವಳ ಕೈಯಲ್ಲಿ ವಾಪಸು ಕಳಿಸಿದ್ದರೆ ಇವತ್ತು ಇದೆಲ್ಲ ಇತ್ತೇ? ದೀಪಾವಳಿಗೆ ಬರುತ್ತದೆ ಎಂದು ಕಾದೆ, ಸಂಕ್ರಾಂತಿಗೆ ಬರುತ್ತದೆ ಎಂದು ಕಾದೆ. ಅತ್ತೆ ಬೆಳ್ಳಿಯ ಪೆಟ್ಟಿಗೆಯ ಮುಚ್ಚಳ ತೆಗೆದಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಕೇಳಿ ಬರೆಯಲು ನಾಚಿಕೆಯಾಗಿ ಸುಮ್ಮನಿದ್ದೆ.

ಅದು ಸಿಕ್ಕಿದ್ದು ಎಲ್ಲಿ ಎಂದು ನೀವು ಬರೆಯಲಿಲ್ಲ. ಇವರು ಊಟಕ್ಕೆ ಕೂತಾಗ ಹೇಳಿದರು. ಅಜ್ಜಂಪುರದ ಅಕ್ಕಸಾಲಿ ಸಿದ್ದಪ್ಪನ ಅಂಗಡಿಯಲ್ಲಿ ಸಿಕ್ಕಿತಂತೆ. ತಂದವಳು ಷಡಕ್ಷರಿಯ ಹೆಂಡತಿಯೇ ಅಂತೆ. ಅಕ್ಕಸಾಲಿಯ ಅಂಗಡಿಗೆ ಬೆಳ್ಳಿಯನ್ನು ಏತಕ್ಕೆ ಒಯ್ಯುತ್ತಾರೆ ಎಂದು ನನಗೂ ಗೊತ್ತು. ಕಷ್ಟವಿದ್ದರೆ ಒಂದು ಸಾಲು ಬರೆದಿದ್ದರೆ ಏನಾದರೂ ಮಾಡುತ್ತಿದ್ದೆ. ನನ್ನ ತವರಿನ ಗುರುತು ಎಂದು ನನಗಿದ್ದದ್ದು ಅದೊಂದೇ. ಅದನ್ನು ಕರಗಿಸಲು ನಿಮಗೆ ಹೇಗೆ ಮನಸ್ಸು ಬಂತು?

ಬೈಯುವ ಮೊದಲು ನೀವೂ ಸ್ವಲ್ಪ ಯೋಚನೆ ಮಾಡಿ. ನಾನು ಬಂದು ಹೇಳಿದರೆ ಅವರು ನನ್ನನ್ನು ಬಿಡುತ್ತಾರೆ. ನಿಮ್ಮ ಮನೆಯ ಮೂಲೆಯಲ್ಲಿ ನಾನು ಜನ್ಮವಿಡೀ ಕೂತಿರುತ್ತೇನೆ. ಅದು ನಿಮಗೆ ಸರಿಯೇ?

ಪಂಕಜಾಕ್ಷಿ

*

ಅಜ್ಜಂಪುರ
12-4-1958

ಪಂಕಜಾಕ್ಷಿ,

ನಿನ್ನ ಕಾಗದ ಮೂರು ಸಲ ಓದಿದೆ. ಪೊಲೀಸರು ಹೇಳಿದ್ದು ನನ್ನನ್ನು ಇಷ್ಟು ಸುಡಲಿಲ್ಲ. ಅವರು ಅನುಮಾನ ಎಂದರು. ನೀನು ಅನುಮಾನ ಎಂದು ಕೂಡ ಅನ್ನಲಿಲ್ಲ, ತೀರ್ಪನ್ನೇ ಬರೆದುಬಿಟ್ಟೆ.

ಏಕೆ ಇಟ್ಟುಕೊಂಡೆ ಎಂದು ಕೇಳಿದ್ದೀಯ, ಹೇಳುತ್ತೇನೆ ಕೇಳು. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ನಿಮ್ಮಲ್ಲೂ ಇಲ್ಲ. ಪಕ್ಕದ ಮನೆಯಿಂದ ಒಂದು ಬಟ್ಟಲು ಸಾರು ಬಂದರೂ ನಾಲ್ಕು ಹುಣಸೆಹಣ್ಣಾದರೂ ಹಾಕಿ ಕೊಡುತ್ತೇವೆ. ಆ ತಂಬಿಗೆಗೆ ನಾನು ಏನು ಹಾಕಲಿ? ಕೂಡಿಕೆಯವಳು ಬೇಯಿಸಿದ್ದನ್ನು ನಿಮ್ಮ ಮನೆಯಲ್ಲಿ ನಾಯಿಗೂ ಹಾಕುವುದಿಲ್ಲ. ಕಡಲೆ ಹಾಕಲೇ ಎಂದುಕೊಂಡೆ, ಬೆಲ್ಲ ಹಾಕಲೇ ಎಂದುಕೊಂಡೆ. ನನ್ನ ನಾದಿನಿ ನನಗೆ ಮೊದಲನೆಯ ಸಲ ಕಳಿಸಿದ್ದು ತುಪ್ಪ, ಅದಕ್ಕೆ ಅಂಗಡಿ ಬೆಲ್ಲ ಹಾಕಿ ಕಳಿಸಲು ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಎಮ್ಮೆ ಗಬ್ಬವಾಗಿತ್ತು. ಅದು ಕರು ಹಾಕಲಿ, ಅದರ ಬೆಣ್ಣೆ ಕಾಯಿಸಿ ತುಪ್ಪವನ್ನೇ ತುಂಬಿ ಕಳಿಸೋಣ, ತುಪ್ಪವನ್ನಾದರೂ ಚೆಲ್ಲಲಾರರು ಎಂದುಕೊಂಡೆ. ಎಮ್ಮೆಗಳು ನಮ್ಮ ಅವಸರಕ್ಕೆ ಕರು ಹಾಕುವುದಿಲ್ಲ. ಮಹಾಶಿವರಾತ್ರಿ ಕಳೆದ ಮೇಲೆ ಹಾಕಿತು. ಹದಿನೈದು ದಿನ ಬೆಣ್ಣೆ ಕೂಡಿಟ್ಟೆ, ಮಗುವಿಗೂ ಒಂದು ಬೆರಳು ನೆಕ್ಕಿಸಲಿಲ್ಲ.

ಅಷ್ಟರಲ್ಲಿ ಮಗು ತೆವಳಿ ಬಂದು ತಂಬಿಗೆ ಕೆಡವಿತು, ಹೊಟ್ಟೆಗೆ ಒಂದು ತಗ್ಗು ಬಿತ್ತು. ತಗ್ಗು ಬಿದ್ದ ತಂಬಿಗೆ ಕಳಿಸಿದರೆ ನಿನ್ನ ಅತ್ತೆ ನಿನ್ನನ್ನು ಕೇಳುತ್ತಾರೆ ಎಂದು ಸಿದ್ದಪ್ಪನ ಹತ್ತಿರ ತಗ್ಗು ಎತ್ತಿಸಲು ಒಯ್ದೆ. ಅಕ್ಕಸಾಲಿಗಳಿಗೆಲ್ಲ ಪೊಲೀಸರು ತಂಬಿಗೆಯ ಗುರುತು ಬರೆದುಕೊಟ್ಟಿದ್ದರಂತೆ. ಅವನು ಹೆಸರು ಓದಿದ, "ಕೂತ್ಕೊಳ್ಳಮ್ಮ, ಬಂದೆ" ಎಂದು ಎದ್ದುಹೋದ. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ದಡ್ಡಿಯ ಹಾಗೆ ಕೂತೇ ಇದ್ದೆ. ಪೊಲೀಸರು ಬಂದು ಯಾರ ಮನೆಯವಳು ಎಂದು ಕೇಳಿ, ಅಲ್ಲಿಂದ ನೇರ ದನದ ಆಸ್ಪತ್ರೆಗೆ ಹೋದರು.

ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು. ಬರೆಯಲಿಲ್ಲ. ಅವರನ್ನು ಪೊಲೀಸರ ಕೈಗೆ ಕೊಟ್ಟವಳು ನಾನೇ ಎಂದು ಬರೆಯುವುದಕ್ಕೆ ಕೈ ಏಳಲಿಲ್ಲ. ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು. ಉಳಿದರ್ಧ ಪೂರ್ತಿಯಾಗಿ ನಿನ್ನದು, ಅದರಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ.

ಮೂಲೆಯಲ್ಲಿ ಕೂತಿರುತ್ತೇನೆ ಎಂದು ಹೆದರಿಸಿದ್ದೀಯ. ಬಾ, ಕೂತುಕೋ. ನಮ್ಮ ಮನೆಗೆ ನಾಲ್ಕು ಮೂಲೆ ಇದೆ, ಯಾವುದು ಬೇಕೋ ಆರಿಸಿಕೋ.

ಕಲ್ಲಮ್ಮ

*

ಅಜ್ಜಂಪುರ
30-4-1958

ಪಂಕಜಾಕ್ಷಿ,

ಹದಿನೆಂಟು ದಿನವಾಯಿತು, ಉತ್ತರವಿಲ್ಲ. ಮೇ ಹದಿನಾಲ್ಕು, ಬುಧವಾರ, ತರೀಕೆರೆ ಕೋರ್ಟಿನಲ್ಲಿ ವಿಚಾರಣೆ. ನಿನ್ನ ಮನೆಯಿಂದ ನಡೆದು ಬರುವಷ್ಟು ದೂರ ಎಂದು ಕೇಳಿದ್ದೇನೆ.

ಕಲ್ಲಮ್ಮ

*

ತರೀಕೆರೆ
9-5-1958

ಅತ್ತಿಗೆ,

ಎಮ್ಮೆಯ ವಿಷಯ ಓದಿದ ದಿನ ನಾನು ಊಟ ಮಾಡಲಿಲ್ಲ. ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ಆ ಮಾತಿನಿಂದ ಏನೂ ಆಗುವುದಿಲ್ಲ. ನಾನೂ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ.

ಫೆಬ್ರವರಿಯಲ್ಲಿ ಮನೆಗೆ ಮಠದ ಸ್ವಾಮಿಗಳು ಬಂದಿದ್ದರು. ಪಾದಪೂಜೆಗೆ ಬೆಳ್ಳಿ ತಂಬಿಗೆ ತೆಗೆ ಎಂದರು ಅತ್ತೆ. ನಾನು ಹುಡುಕುವ ಹಾಗೆ ನಟಿಸಿದೆ. ಸ್ವಾಮಿಗಳು ಹೊರಟ ಮೇಲೆ ಅತ್ತೆ ಕಸಮುಸುರೆಯ ಯಲ್ಲಮ್ಮನನ್ನು ಹಿತ್ತಲಿಗೆ ಕರೆದು ಸೀರೆ ಬಿಚ್ಚಿಸಿ ಝಾಡಿಸಿದರು. ಹನ್ನೆರಡು ವರ್ಷದಿಂದ ಈ ಮನೆಯ ಎಂಜಲು ಬಳಿದವಳು. ಅವಳು ಎರಡು ಕೈಯಿಂದ ಮೈ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. "ನೀವಾದ್ರೂ ಹೇಳ್ರವ್ವಾ" ಎಂದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೇಳಲಿಲ್ಲ. ಅವಳನ್ನು ಓಡಿಸಿದರು, ಇವರು ಪೊಲೀಸರಿಗೆ ದೂರು ಕೊಟ್ಟರು. ಆಗ ಬಾಯಿ ಬಿಡದವಳು ಈಗ ಹೇಗೆ ಬಿಡಲಿ ಎಂಬುದೇ ನನಗೆ ದೊಡ್ಡ ಅಡ್ಡಿಯಾಗಿತ್ತು. ಅಣ್ಣನಿಗಾಗಿ ಬಾಯಿ ಬಿಟ್ಟರೆ ಯಲ್ಲಮ್ಮನಿಗಾಗಿ ಏಕೆ ಬಿಡಲಿಲ್ಲ ಎಂದು ಅವಳ ಕಣ್ಣು ಕೇಳುತ್ತದೆ.

ಇನ್ನೂ ಒಂದಿದೆ. ತಂಬಿಗೆ ಅಜ್ಜಂಪುರದಲ್ಲಿ ಸಿಕ್ಕಿತು ಎಂದು ತಿಳಿದ ದಿನವೇ ನಾನು ಇವರಿಗೆ ಹೇಳಿದೆ, ಕಾಲು ಹಿಡಿದು ಹೇಳಿದೆ, ನಾನೇ ಕಳಿಸಿದ್ದು ಎಂದು. ಇವರು ಎಲೆಅಡಿಕೆ ಹಾಕಿಕೊಳ್ಳುತ್ತಾ ಹೇಳಿದ್ದು ಇಷ್ಟು. "ಗೊತ್ತು ಕಣೇ. ಅಜ್ಜಂಪುರ ಅಂದ ತಕ್ಷಣ ಗೊತ್ತಾಯ್ತು. ನನ್ನ ಹೆಂಡ್ತಿ ಕದ್ದು ಕಳಿಸಿದ್ಲು ಅಂತ ಊರಿಗೆಲ್ಲ ಹೇಳ್ಲಾ? ಅವನೇ ಕಳ್ಳ ಅಂತಾಗ್ಲಿ. ಆ ಮನೆಗೆ ಅದೇ ಸರಿ." ಗೊತ್ತಿದ್ದೂ ದೂರು ವಾಪಸು ತೆಗೆದುಕೊಳ್ಳಲಿಲ್ಲ. ನನ್ನ ಸಂಸಾರದ ಮರ್ಯಾದೆ ಎಂದುಕೊಂಡು ನಾನು ಇದನ್ನು ನಿಮಗೆ ಬರೆದಿರಲಿಲ್ಲ. ಇದರಲ್ಲಿ ಮರ್ಯಾದೆ ಏನಿದೆ ಎಂದು ಈಗ ನನಗೇ ತಿಳಿಯುತ್ತಿಲ್ಲ.

ಹದಿನಾಲ್ಕಕ್ಕೆ ಶಕುಂತಲಮ್ಮನವರ ಜೊತೆ ಕೋರ್ಟಿಗೆ ಬರುತ್ತೇನೆ. ಅಣ್ಣನಿಗೆ ಮಾತ್ರ ಹೇಳಬೇಡಿ. ಮೊದಲೇ ತಿಳಿದರೆ ಬರಬೇಡ ಎಂದು ಹೇಳಿಕಳಿಸುತ್ತಾರೆ, ಅವರ ಮಾತು ಬಂದರೆ ನನ್ನ ಧೈರ್ಯ ಹೋಗುತ್ತದೆ.

ನಿಮ್ಮ ಪಂಕಜಾಕ್ಷಿ

*

ಅಜ್ಜಂಪುರ
16-5-1958

ಪಂಕಜಾಕ್ಷಿ,

ಮಗುವಿಗೆ ಜ್ವರ ಬಂದು ಬುಧವಾರ ನಾನು ತರೀಕೆರೆಗೆ ಬರಲಾಗಲಿಲ್ಲ. ನೀನು ಇದ್ದೀಯ ಎಂಬ ನಂಬಿಕೆಯಿಂದ ಅವರನ್ನು ಕಳಿಸಿದೆ. ಅವರಿಗೆ ಒಂದು ಮಾತೂ ಹೇಳಲಿಲ್ಲ. ಎಲ್ಲ ಸರಿಹೋಗುತ್ತದೆ ಹೋಗಿ ಬನ್ನಿ ಎಂದು ಬಸ್ಸಿನವರೆಗೆ ಬಂದು ನಕ್ಕು ಕಳಿಸಿದೆ.

ಸಾಯಂಕಾಲ ಲಕ್ಕಣ್ಣ ಒಬ್ಬನೇ ಬಂದ. ಹೊಸಿಲ ಹೊರಗೇ ನಿಂತ. "ಒಪ್ಕೊಂಡ್ಬಿಟ್ರು ಕಣಕ್ಕಾ. ನಾನೇ ಕದ್ದಿದ್ದು ಅಂದ್ಬಿಟ್ರು. ಎರಡು ತಿಂಗ್ಳು ಹಾಕವ್ರೆ." ಅಷ್ಟು ಹೇಳಿ ಕಂಬಳಿಯಲ್ಲಿ ಮುಖ ಒರೆಸಿಕೊಂಡು ಹೋದ.

ನೀನು ಬರಲಿಲ್ಲ. ಬಂದಿದ್ದರೆ ಹೀಗಾಗುತ್ತಿರಲಿಲ್ಲ. ಅಷ್ಟು ಉದ್ದ ಕಾಗದ ಬರೆದು ನನ್ನನ್ನು ಅಳಿಸಿ, ನಂಬಿಸಿ, ಕೊನೆಗೆ ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆಯಲ್ಲ. ಇನ್ನು ಬರೆಯಬೇಡ. ಬಂದರೆ ಒಡೆಯುವುದಿಲ್ಲ.

ಕಲ್ಲಮ್ಮ

*

ತರೀಕೆರೆ
19-5-1958

ಅತ್ತಿಗೆ,

ಒಡೆಯಿರಿ. ಒಡೆದು ಓದಿ, ಆಮೇಲೆ ಏನು ಬೇಕಾದರೂ ಅನ್ನಿ.

ನಾನು ಬಂದಿದ್ದೆ. ಹತ್ತು ಗಂಟೆಗೇ ಬಂದು ಹಿಂದಿನ ಬೆಂಚಿನಲ್ಲಿ ಶಕುಂತಲಮ್ಮನವರ ಪಕ್ಕ ಕೂತಿದ್ದೆ. ದೂರು ಕೊಟ್ಟವರು ಎಂದು ಇವರು ಮುಂದೆ ಕೂತಿದ್ದರು, ನನ್ನನ್ನು ನೋಡಿರಲಿಲ್ಲ. ಅಣ್ಣನ ಹೆಸರು ಮೂರು ಸಲ ಕೂಗಿದರು. ಅಣ್ಣ ಒಳಗೆ ಬಂದರು. ಮೂರು ವರ್ಷದ ಮೇಲೆ ನೋಡಿದ್ದು, ತಲೆ ಪೂರ್ತಿ ನರೆತಿದೆ. ಮೇಜಿನ ಮೇಲೆ ತಂಬಿಗೆ ಇತ್ತು, ಕುತ್ತಿಗೆಗೆ ಚೀಟಿ ಕಟ್ಟಿ. ಅಣ್ಣನ ಕಡೆಯ ವಕೀಲರು ಎದ್ದು, ಸ್ವಾಮಿ, ಈ ವಸ್ತು ಹೇಗೆ ಬಂತು ಎಂದು ಆರೋಪಿ ಹೇಳುವುದಿಲ್ಲ, ಆದರೆ ಕಳವು ರುಜುವಾತಾಗಿಲ್ಲ ಎಂದು ವಾದ ಶುರುಮಾಡಿದರು. ನಾನು ಎದ್ದು ನಿಂತೆ. ಅಷ್ಟಕ್ಕೆ ಅಣ್ಣ ತಿರುಗಿ ನೋಡಿದರು.

ಒಂದೇ ಒಂದು ಸಲ ನನ್ನ ಮುಖ ನೋಡಿದರು. ನಾನು ಏಕೆ ಬಂದಿದ್ದೇನೆ ಎಂದು ಅವರಿಗೆ ಅಷ್ಟರಲ್ಲೇ ತಿಳಿಯಿತು. ವಕೀಲರ ಮಾತು ತಡೆದು ಕೈ ಮುಗಿದರು. "ತಪ್ಪು ಒಪ್ತೀನಿ ಸ್ವಾಮಿ. ನಾನೇ ಎತ್ಕೊಂಡು ಬಂದಿದ್ದು. ಇದು ಬೇರೆ ಯಾರಿಗೂ ಗೊತ್ತಿಲ್ಲ." ನಾನು ಬಾಯಿ ತೆರೆಯುವ ಮೊದಲೇ ಅವಸರ ಅವಸರವಾಗಿ ಹೇಳಿಬಿಟ್ಟರು. ಅತ್ತಿಗೆ, ನಾನು ಬರದಿದ್ದರೆ ಅವರು ಸುಮ್ಮನೆ ನಿಂತಿರುತ್ತಿದ್ದರು, ವಕೀಲರು ವಾದ ಮಾಡುತ್ತಿದ್ದರು. ನನ್ನನ್ನು ಉಳಿಸಬೇಕೆಂದು ಕಳ್ಳ ಎಂದು ಒಪ್ಪಿಕೊಂಡರು.

ಸುಳ್ಳು, ನಾನು ಕೊಟ್ಟಿದ್ದು ಎಂದು ಕೂಗಿದೆ. ಕೂಗಿದ್ದು ನಿಜ, ಶಕುಂತಲಮ್ಮನವರನ್ನು ಕೇಳಿ. ಇವರು ತಕ್ಷಣ ಎದ್ದು ಮ್ಯಾಜಿಸ್ಟ್ರೇಟರಿಗೆ ನಮಸ್ಕಾರ ಮಾಡಿದರು. "ಆರೋಪಿ ತಂಗಿ ಸ್ವಾಮಿ, ಒಡಹುಟ್ಟಿದೋಳು, ಸಂಕಟಕ್ಕೆ ಏನೋ ಅಂತಾಳೆ." ಅಲ್ಲಿದ್ದವರೆಲ್ಲ ನನ್ನನ್ನು ಕನಿಕರದಿಂದ ನೋಡಿದರು. ಆರೋಪಿಯೇ ಒಪ್ಪಿಕೊಂಡ ಮೇಲೆ ಇನ್ನೇನು, ಕೂತುಕೊಳ್ಳಮ್ಮ ಎಂದರು ಮ್ಯಾಜಿಸ್ಟ್ರೇಟರು. ನಾನು ಕೂತುಬಿಟ್ಟೆ. ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ಇನ್ನೊಂದು ಸಲ ಏಳಬಹುದಿತ್ತು, ಏಳಲಿಲ್ಲ.

ಅಣ್ಣನಿಗೆ ಹೇಳಬೇಡಿ ಎಂದವಳು ನಾನು. ಹೇಳಿದ್ದರೆ ಜಗಳವಾಡಿಯಾದರೂ ಒಪ್ಪಿಸಬಹುದಿತ್ತು.

ಪಂಕಜಾಕ್ಷಿ

*

ಕಡೂರು
27-5-1958

ಪಂಕಜ,

ಒಡೆದು ಓದಿದೆ. ನೀನು ಬರಲಿಲ್ಲ ಎಂದು ಬೈದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಉಳಿದ ಬೈಗುಳ ಹಾಗೇ ಇರಲಿ.

ಅವರನ್ನು ಕಡೂರು ಜೈಲಿನಲ್ಲಿ ಇಟ್ಟಿದ್ದಾರೆ. ಮಗುವನ್ನು ಎತ್ತಿಕೊಂಡು ಬಂದು ನಿನ್ನೆ ನೋಡಿದೆ. ಸರಳಿನಾಚೆ ನಿಂತು ನಕ್ಕರು. "ಅವಳ ಬಾಳು ಉಳೀತಲ್ಲ, ಬಿಡು ಕಲ್ಲೀ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. "ಅವಳ ಬಾಳು ಉಳೀತು, ನನ್ನ ಬಾಳು? ಈ ಮಗೂನ ನಾಳೆ ಇಸ್ಕೂಲಲ್ಲಿ ಯಾರ ಮಗಳು ಅಂತ ಕರೀತಾರೆ ಗೊತ್ತಾ ನಿಮಗೆ? ನನ್ನ ಒಂದು ಮಾತು ಕೇಳಿದ್ರಾ?" ಎಂದೆ. ಅವರ ನಗು ನಿಂತಿತು. ಪಹರೆಯವನು ಮೆಲ್ಲಗೆ ಮಾತಾಡಮ್ಮ ಎಂದ. ಮೆಲ್ಲಗೆ ಮಾತಾಡಿ ಮಾತಾಡಿಯೇ ಇಲ್ಲಿಗೆ ಬಂದಿದ್ದೇವೆ ಎಂದೆ ಅವನಿಗೆ.

ನೀವಿಬ್ಬರು ಅಣ್ಣತಂಗಿ ಒಬ್ಬರ ಮಾನ ಒಬ್ಬರು ಕಾಯುತ್ತಾ ನಿಂತಿರಿ. ನಾನೂ ಆಣೆ ಎಂದು ಬಾಯಿ ಮುಚ್ಚಿಕೊಂಡೆ. ಮಲ್ಲಿಕಾರ್ಜುನಪ್ಪನವರಿಗೆ ಯಾವ ತೊಂದರೆಯನ್ನೂ ಕೊಡಲಿಲ್ಲ ನಾವು ಮೂವರೂ.

ಇಲ್ಲಿ ಶಿವಮೂರ್ತಪ್ಪ ಎಂಬ ವಕೀಲರಿದ್ದಾರೆ, ವಯಸ್ಸಾದವರು. ಅವರ ಎತ್ತಿಗೆ ನಿಮ್ಮಣ್ಣ ಒಮ್ಮೆ ಔಷಧ ಹಾಕಿದ್ದರಂತೆ. ಎಲ್ಲ ಕೇಳಿಸಿಕೊಂಡರು. "ಒಪ್ಕೊಂಡವನಿಗೆ ಅಪೀಲಿನ ದಾರಿ ಕಿರಿದು ಕಣಮ್ಮ. ಆದ್ರೂ ಕೊಟ್ಟವಳೇ ನಾನು ಕೊಟ್ಟಿದ್ದು ಅಂತ ಬರೆದು, ದೂರು ಕೊಟ್ಟವನಿಗೂ ಅದು ಗೊತ್ತಿತ್ತು ಅಂತ ಬರೆದು ಸಹಿ ಹಾಕಿದ್ರೆ ಮೇಲಿನ ಕೋರ್ಟಲ್ಲಿ ಇಟ್ಟು ನೋಡಬಹುದು" ಎಂದರು. ಎರಡನೆಯ ಮಾತು ಬರೆದರೆ ನಿನ್ನ ಗಂಡನ ಮೇಲೇ ಬರೆದ ಹಾಗೆ ಎಂದೂ ಹೇಳಿದರು. ಅದನ್ನು ನಿನಗೆ ಮುಚ್ಚಿಡುವುದಿಲ್ಲ. ಈ ಸಲ ನಿಮ್ಮಣ್ಣನ ಅಪ್ಪಣೆ ಕೇಳುವುದಿಲ್ಲ, ಆದರೆ ನಾವು ಏನು ಮಾಡುತ್ತಿದ್ದೇವೆ ಎಂದು ಅವರಿಗೆ ಸರಳಿನ ಮುಂದೆ ನಿಂತು ಹೇಳಿಯೇ ಮಾಡುತ್ತೇನೆ.

ಬರೆಯುತ್ತೀಯೋ ಇಲ್ಲವೋ, ಒಂದು ಸಾಲು ತಿಳಿಸು.

ಕಲ್ಲಮ್ಮ

*

ತರೀಕೆರೆ
5-6-1958

ಅತ್ತಿಗೆ,

ಬರೆದಿದ್ದೇನೆ. ಇದರ ಜೊತೆಗೇ ಇದೆ. ಶಿವಮೂರ್ತಪ್ಪನವರಿಗೆ ಕೊಡಿ. ತಂಬಿಗೆ ನನ್ನದು, ನಾನೇ ಕಳಿಸಿದೆ, ಇದು ನನ್ನ ಯಜಮಾನರಿಗೆ ಮಾರ್ಚಿಯಿಂದಲೇ ಗೊತ್ತಿತ್ತು ಎಂದು ಬರೆದು ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೇನೆ. ಶಕುಂತಲಮ್ಮನವರು ಸಾಕ್ಷಿ ಹಾಕಿದ್ದಾರೆ. ಯಲ್ಲಮ್ಮನ ಗುಡಿಸಲಿಗೂ ಹೋಗಿ ಹೇಳಿ ಬಂದೆ. ಅವಳು ನನ್ನನ್ನು ಕೂರು ಎನ್ನಲಿಲ್ಲ, ನಾನೂ ಕೂರಲಿಲ್ಲ.

ಸಹಿ ಮಾಡಿದ್ದನ್ನು ಇವರಿಗೂ ತೋರಿಸಿದೆ. ಓದಿ ಹರಿಯಲು ಹೋದರು, ಇನ್ನೊಂದು ಪ್ರತಿ ಇದೆ ಎಂದೆ. ತವರಿಗೆ ನಡಿ ಎಂದರು. ನನ್ನ ತವರನ್ನು ನೀವೇ ಜೈಲಿಗೆ ಹಾಕಿಸಿದ್ದೀರಿ, ಎಲ್ಲಿಗೆ ಹೋಗಲಿ ಎಂದೆ. ಅತ್ತೆ ಎದೆ ಬಡಿದುಕೊಂಡರು. ನಾನು ಗಂಟು ಕಟ್ಟಲಿಲ್ಲ, ಅಳಲಿಲ್ಲ. ನಿಮ್ಮ ಮನೆಯ ಮೂಲೆಗೆ ಬರುವ ಯೋಚನೆಯನ್ನೂ ಬಿಟ್ಟಿದ್ದೇನೆ. ಇಲ್ಲಿಂದ ನಾನು ಹೋದರೆ ಇವರಿಗೆ ಅನುಕೂಲ. ಹೆಂಡತಿಗೆ ತಲೆ ಕೆಟ್ಟಿತ್ತು, ಕಳಿಸಿದೆ ಎಂದು ಊರಿಗೆಲ್ಲ ಹೇಳುತ್ತಾರೆ.

ಮನೆಯ ಮುಂಭಾಗವೇ ಮಂಡಿ. ಬೆಳಿಗ್ಗೆಯಿಂದ ಗಾಡಿಗಳು ಬರುತ್ತವೆ. ಮೂರು ದಿನದಿಂದ ನಾನು ತಲೆಬಾಗಿಲ ಜಗಲಿಯ ಮೇಲೆ ಕೂರುತ್ತಿದ್ದೇನೆ. ಬಂದವರಿಗೆ ನೀರು ಕೊಡುತ್ತೇನೆ, ಕೊಟ್ಟು ಹೇಳುತ್ತೇನೆ. "ಅಜ್ಜಂಪುರದ ಕಾಂಪೌಂಡರ್ ಷಡಕ್ಷರಿ ನನ್ನಣ್ಣ. ಅವನು ಕದ್ದಿಲ್ಲ. ತಂಬಿಗೆ ನಾನು ಕೊಟ್ಟಿದ್ದು, ಈ ಸಾಹುಕಾರ್ರಿಗೂ ಗೊತ್ತು, ಬೇಕಾದ್ರೆ ಒಳಗೆ ಹೋಗಿ ಕೇಳಿ." ಮೊದಲನೆಯ ದಿನ ಇವರು ಕೈ ಎತ್ತಿಕೊಂಡು ಬಂದರು. ಜಗಲಿಯ ಮುಂದೆ ಆರು ಗಾಡಿ ನಿಂತಿದ್ದವು, ಕೈ ಇಳಿಯಿತು. ನಿನ್ನೆ ಬುಕ್ಕಾಂಬುಧಿ ಕಡೆಯ ಒಬ್ಬ ಮುದುಕ ನೀರು ಕುಡಿದು, ಚೀಲ ಇಳಿಸದೆಯೇ ಗಾಡಿ ತಿರುಗಿಸಿಕೊಂಡು ಹೋದ. ಇವರು ಒಳಗಿನಿಂದ ನೋಡುತ್ತಿದ್ದರು.

ಹೆದರಿಕೆ ಇಲ್ಲವೆಂದಲ್ಲ. ಆದರೂ ಹೇಳುತ್ತೇನೆ. ಅಣ್ಣ ಹೊರಗೆ ಬರುವ ದಿನದವರೆಗೆ ಹೇಳುತ್ತೇನೆ, ಬಂದ ಮೇಲೂ ಹೇಳುತ್ತೇನೆ.

ಇವತ್ತು ಹನ್ನೊಂದು ಜನಕ್ಕೆ ಹೇಳಿದೆ. ನಾಳೆ ಸಂತೆ.

ಪಂಕಜ